ರೊಪ್ಪದ ಬಲಗಂಬ

ಹಾಳೆಯ ತೀರಾ ಕೆಳಗಿದ್ದ ತನ್ನ ಹೆಸರನ್ನು ತೇಜಶ್ರೀ ಮೂರು ಸಲ ಓದಿದಳು. ಮೂರು ಸಲ ಓದಿದರೂ ಅದು ಮೇಲಕ್ಕೇರಲಿಲ್ಲ.

ಕೊಂಡ್ಲಹಳ್ಳಿಯ ಹೈಸ್ಕೂಲಿನಲ್ಲಿ ಆಟದ ಸಾಮಾನಿಡುವ ಕೋಣೆಯ ಬಾಗಿಲಿಗೆ ಪಿ.ಟಿ. ಮೇಷ್ಟ್ರು ಮಾರುತೇಶ ಅಂಟಿಸಿದ್ದ ಪಟ್ಟಿ ಅದು. ಕಬಡ್ಡಿ ಆಡುವ ಹದಿನಾಲ್ಕು ಹುಡುಗಿಯರ ಹೆಸರು, ಹೆಸರಿನ ಮುಂದೆ ನಲವತ್ತಕ್ಕೆ ಬಂದ ಅಂಕ. ರೂಪಾಳಿಗೆ ಮೂವತ್ತೊಂದು. ಪಾಪಕ್ಕನಿಗೆ ಇಪ್ಪತ್ತೆಂಟು. ತೇಜಶ್ರೀಗೆ ನಾಲ್ಕು. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಕೊನೆಯ ಇಬ್ಬರು ಚಳ್ಳಕೆರೆಗೆ ಬರುವುದಿಲ್ಲ.’

ಚಳ್ಳಕೆರೆಯಲ್ಲಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ಇನ್ನು ನಾಲ್ಕು ವಾರವಿತ್ತು. ಹತ್ತನೇ ಕ್ಲಾಸಿನ ತೇಜಶ್ರೀಗೆ ಇದೇ ಕೊನೆಯ ವರ್ಷ. ಹೋದ ವರ್ಷವೂ ಅವಳು ಹೋಗಿದ್ದಳು. ರೇಡಿಗೆ ಇಳಿದ ಮೂರು ಸಲವೂ ಎಡ ಮೂಲೆಯ ಹುಡುಗಿ ಬಂದು ಮುಂಗಾಲು ಹಿಡಿದು ಕೆಡವಿದ್ದಳು. ಮೂರನೆಯ ಸಲ ಬಿದ್ದಾಗ ಬಾಯಿಗೆ ಮಣ್ಣು ಹೋಗಿತ್ತು. ಆ ಮಣ್ಣಿನ ರುಚಿ ವರ್ಷವಾದರೂ ನಾಲಿಗೆಯಿಂದ ಹೋಗಿರಲಿಲ್ಲ. ಈ ಸಲ ಅದನ್ನು ಅಲ್ಲಿಯೇ ಉಗುಳಿ ಬರಬೇಕೆಂದು ಅವಳು ಕಾದಿದ್ದಳು.

“ನಾಕು ಅಂದ್ರೆ ನಾಕೇ ಏನೇ?” ಹಿಂದಿನಿಂದ ರೂಪ ಇಣುಕಿದಳು. “ಕಣ್ಣು ಮುಚ್ಕೊಂಡು ಹೇಳಿದ್ರೂ ಹತ್ತು ಬರ್ತಿತ್ತಲ್ಲೇ.”

“ಮುಚ್ಕೊಂಡೇ ಹೇಳಿದ್ದು. ಅದಕ್ಕೇ ನಾಕು,” ಎಂದಳು ತೇಜಶ್ರೀ. ನಗು ಬರಲಿಲ್ಲ.

ಅಂಕ ಹುಟ್ಟಿದ್ದು ಒಂದು ಕನ್ನಡಕದಿಂದ. ಕುದಾಪುರದ ಬಯಲಿನಲ್ಲಿ ಎದ್ದಿರುವ ಸಂಶೋಧನೆಯ ಕ್ಯಾಂಪಸ್ಸುಗಳಲ್ಲಿ ಒಂದರಿಂದ ಪವಿತ್ರ ಎಂಬ ಹುಡುಗಿ ವಾರಕ್ಕೆರಡು ದಿನ ಶಾಲೆಗೆ ಬರುತ್ತಿದ್ದಳು. ದಾವಣಗೆರೆಯವಳು, ಇನ್ನೂ ಮೂವತ್ತು ದಾಟಿಲ್ಲ, ಮಾತಿಗಿಂತ ಬರೆಯುವುದೇ ಹೆಚ್ಚು. ಗುಂಪಿನ ಆಟ ಆಡುವ ಮಕ್ಕಳ ಕಣ್ಣಿಗೆ ತರಬೇತಿ ಕೊಟ್ಟರೆ ಅವರ ಗಮನ, ನೆನಪು, ತಟ್ಟನೆ ತೀರ್ಮಾನಿಸುವ ಬುದ್ಧಿ ಚುರುಕಾಗುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಅವಳು ತಂದ ಕನ್ನಡಕದ ಗಾಜು ಕ್ಷಣಕ್ಕೊಮ್ಮೆ ಕಪ್ಪಾಗುತ್ತಿತ್ತು, ಮತ್ತೆ ತಿಳಿಯಾಗುತ್ತಿತ್ತು. ಹುಡುಗಿಯರು ಅದಕ್ಕೆ ಕುರುಡು ಕನ್ನಡಕ ಎಂದು ಹೆಸರಿಟ್ಟಿದ್ದರು. ಅದನ್ನು ಹಾಕಿಕೊಂಡು ಒಬ್ಬಳು ರೇಡಿಗೆ ನಿಲ್ಲಬೇಕು. ಎದುರಿಗೆ ಏಳು ಜನ. ಗಾಜು ಕಪ್ಪಾದಾಗ ಅವರಲ್ಲಿ ಕೆಲವರು ಸದ್ದಿಲ್ಲದೆ ಗೆರೆಯಾಚೆ ಸರಿಯುತ್ತಾರೆ. ತಿಳಿಯಾದ ಕೂಡಲೇ ಅಂಗಳದಲ್ಲಿ ಎಷ್ಟು ಜನ ಉಳಿದರೆಂದು ಒಂದೇ ಉಸಿರಿನಲ್ಲಿ ಹೇಳಬೇಕು.

“ಐದು!” ಎನ್ನುತ್ತಿದ್ದಳು ರೂಪ. “ನಾಕು!” ಎನ್ನುತ್ತಿದ್ದಳು ಪಾಪಕ್ಕ.

ತೇಜಶ್ರೀ ಮಾತ್ರ, “ಮಂಜಮ್ಮ ಇಲ್ಲ, ಕ್ಯಾತಮ್ಮ ಇಲ್ಲ,” ಎನ್ನುತ್ತಿದ್ದಳು.

“ನಂಬರ್ ಕೇಳಿದ್ರೆ ಹೆಸ್ರು ಹೇಳ್ತೀಯಲ್ಲ, ಹಾಜರಿ ಕೂಗ್ತಿದೀಯಾ?” ಎಂದು ರೇಗಿ ಮಾರುತೇಶ ಮೇಷ್ಟ್ರು ಸೊನ್ನೆ ಹಾಕುತ್ತಿದ್ದರು. ಯಾರೂ ಸರಿಯದೆ ಇದ್ದಾಗ ಅವಳು “ಎಲ್ಲಾರೂ ಅವ್ರೆ” ಎನ್ನುತ್ತಿದ್ದಳು. ಅದನ್ನಷ್ಟೇ ಏಳು ಎಂದು ಹಿಡಿದು ಸರಿ ಗುರುತು ಹಾಕಿದ್ದರು. ನಾಲ್ಕು ಅಂಕ ಬಂದದ್ದು ಹಾಗೆ.

ಅಂಕ ನೋಡಿ ತಂಡ ಆರಿಸಬೇಡಿರೆಂದು ಪವಿತ್ರ ಮೊದಲ ದಿನವೇ ಹೇಳಿದ್ದಳು. ಮೇಷ್ಟ್ರಿಗೆ ಬೇರೆ ಕಷ್ಟವಿತ್ತು. ಯಾರನ್ನು ಬಿಟ್ಟರೂ ಅವರ ಮನೆಯವರು ಶಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದರು. ಈಗ ತೋರಿಸಲು ಒಂದು ಹಾಳೆ ಸಿಕ್ಕಿತ್ತು.

*

ತೇಜಶ್ರೀ ಸಂಜೆ ಹಟ್ಟಿಗೆ ಬಂದಾಗ ಅವ್ವ ಸೂರಮ್ಮ ಕೂಲಿಯಿಂದ ಬಂದು ಮುಖ ತೊಳೆಯುತ್ತಿದ್ದಳು. ಮಗಳ ನಡಿಗೆಯಲ್ಲೇ ಸುದ್ದಿ ತಿಳಿಯಿತು. “ತಾತನತ್ರ ಹೋಗಿ ನಿಂತ್ಕಾ ಹೋಗು. ದನ ಬರೋ ಹೊತ್ತು,” ಎಂದಳಷ್ಟೆ.

ತಾತ ಯರ್ರಪ್ಪ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳವು. ನೊಗ ಕಂಡಿಲ್ಲ, ಸಂತೆ ಕಂಡಿಲ್ಲ. ಹಗಲೆಲ್ಲ ಕಾವಲೆಂಬ ಹುಲ್ಲುಬಯಲಿನಲ್ಲಿ ಮೇಯ್ದು, ಹೊತ್ತಿಳಿಯುವಾಗ ಮುಳ್ಳುಬೇಲಿಯ ರೊಪ್ಪಕ್ಕೆ ಮರಳುತ್ತವೆ. ರೊಪ್ಪದ ಹತ್ತಿರ ಯಾರೂ ಕೆರ ಮೆಟ್ಟುವುದಿಲ್ಲ. ಹೆಣ್ಣುಮಕ್ಕಳು ಒಳಗೆ ಕಾಲಿಡುವುದಿಲ್ಲ, ಬಾಗಿಲ ಕಂಬದವರೆಗೆ ಬರಬಹುದು. ಬಾಗಿಲಿಗೆ ಎರಡು ಕಲ್ಲುಕಂಬ. ಬರುವ ಎತ್ತುಗಳಿಗೆ ಮುಖ ಮಾಡಿ ನಿಂತರೆ ಬಲಗಂಬ ತಾತನದು, ಎಡಗಂಬ ತೇಜಶ್ರೀಯದು. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅವಳು ಬೆನ್ನು ತಾಗಿಸಿ ತಾಗಿಸಿ ಎಡಗಂಬದ ಮೊಣಕೈ ಎತ್ತರದಲ್ಲಿ ಕಲ್ಲು ನುಣುಪಾಗಿತ್ತು.

ದೂಳು ಮೊದಲು ಬಂತು, ಗಂಟೆ ಸದ್ದು ಆಮೇಲೆ. ಯರ್ರಪ್ಪ ಕೈಮುಗಿದು ಎತ್ತಿದ ದನಿಯಲ್ಲಿ ಹಾಡತೊಡಗಿದ:

“ಬಾರೋ ಬೆಳ್ಳಿಗೋಡಯ್ಯಾ, ಬಾರೋ ಬೂದಿಬೆನ್ನಯ್ಯಾ,
ಹುಲ್ಲು ಕೊಟ್ಟ ಕಾವಲಿಗೆ ಶರಣು ಮಾಡಿ ಬಾರಯ್ಯಾ,
ಮುತ್ತಿನಗೊರಸು ಬಂದಾನೇ, ಮಲ್ಲಿಗೆಕಣ್ಣ ಬಂದಾನೇ,
ಕಳ್ಳಗಿವಿಯ ಕಾಣೆನಲ್ಲಾ, ಎಲ್ಲಿ ನಿಂತೆ ನಾಯನಾ…”

ಒಂದು ಉಸಿರಿಗೆ ಇಪ್ಪತ್ತು ಹೆಸರು. ಪದ ಮುಗಿಯುವುದಕ್ಕೂ ರೊಪ್ಪ ತುಂಬುವುದಕ್ಕೂ ಸರಿಹೋಗುತ್ತಿತ್ತು. ಹೆಸರು ಕರೆದಾಗ ಮುಖ ಕಾಣದಿದ್ದರೆ ಆ ಎತ್ತು ಕಾವಲಿನಲ್ಲೇ ಉಳಿದಿದೆ ಎಂದು ಅರ್ಥ. ಒಂದು, ಎರಡು ಎಂದು ಯಾರೂ ಎಣಿಸುತ್ತಿರಲಿಲ್ಲ. ಐದನೇ ವಯಸ್ಸಿನಲ್ಲಿ, ಶಾಲೆಯಲ್ಲಿ ಆಗತಾನೇ ಕಲಿತ ಎಣಿಕೆಯ ಹುಮ್ಮಸ್ಸಿನಲ್ಲಿ, ತೇಜಶ್ರೀ ಬೆರಳು ಚಾಚಿ ಗಟ್ಟಿಯಾಗಿ ಎಣಿಸಿದ್ದಳು. ತಾತ ಬೈಯಲಿಲ್ಲ. ಅವಳ ಬೆರಳನ್ನು ಮೆಲ್ಲಗೆ ಮಡಿಸಿ, ತಂಬಿಗೆ ನೀರು ತಂದು ಬಾಗಿಲಿಗೆ ಸುರಿದು, ಎತ್ತುಗಳಿಗೆ ಅಡ್ಡಬಿದ್ದಿದ್ದ. “ಉಸಿರಾಡೋದನ್ನ ಎಣಿಸಬಾರದವ್ವಾ. ಕಲ್ಲೆಣಿಸು, ಕಾಳೆಣಿಸು. ಜೀವಕ್ಕೆ ಹೆಸರೈತಲ್ಲ, ಹೆಸರಿಡಿದು ಕರಿ,” ಎಂದಿದ್ದ. ಅಂದಿನಿಂದ ಸಾಲಾಗಿ ನಿಂತ ಜೀವಗಳನ್ನು ಕಂಡರೆ ಅವಳ ತಲೆಯಲ್ಲಿ ಅಂಕಿ ಏಳುತ್ತಿರಲಿಲ್ಲ, ಹೆಸರುಗಳೇ ಏಳುತ್ತಿದ್ದವು. ಏಳರಲ್ಲಿ ಇಬ್ಬರಿಲ್ಲ ಎಂದರೆ ಐದು ಎಂದು ಕಳೆದು ಹೇಳುವಷ್ಟರಲ್ಲಿ ಮೇಷ್ಟ್ರು ಸೀಟಿ ಊದಿಬಿಡುತ್ತಿದ್ದರು.

ಇದನ್ನು ಶಾಲೆಯಲ್ಲಿ ಹೇಳಲು ಅವಳಿಗೆ ನಾಚಿಕೆ. ದೇವರ ಎತ್ತಿನ ಮನೆಯವಳೆಂದು ಮೊದಲೇ ರೇಗಿಸುತ್ತಿದ್ದರು.

“ಯಾಕವ್ವ, ಮಕ ಸಣ್ಣದಾಗೈತೆ?” ಎಂದ ತಾತ, ಬಾಗಿಲಿಗೆ ಅಡ್ಡಗೋಲು ಹಾಕುತ್ತಾ.

“ಏನಿಲ್ಲ ತಾತ. ಆಟಕ್ಕೆ ಬ್ಯಾಡ ಅಂದ್ರು.”

ತಾತ ರೊಪ್ಪದ ಮಣ್ಣನ್ನು ಚಿಟಿಕೆ ತೆಗೆದು ಅವಳ ಹಣೆಗೆ ಹಚ್ಚಿದ.

*

ಗುರುವಾರ ಪವಿತ್ರ ಬಂದವಳು ನೇರವಾಗಿ ಮೇಷ್ಟ್ರ ಬಳಿಗೆ ಹೋದಳು. ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ತೇಜಶ್ರೀಯನ್ನೂ ಕರೆಸಿದಳು.

“ಸರ್, ನೀವು ಕಳಿಸಿದ ವಿಡಿಯೋ ಕೇಳಿದ್ರಾ?”

“ಕೇಳೋದೇನು ಮೇಡಂ, ನಾನೇ ಮುಂದೆ ನಿಂತು ತೆಗೆದಿದ್ದು.”

“ನೋಡಿದೀರಿ. ಕೇಳಿಲ್ಲ.” ಅವಳು ವಿಡಿಯೋ ಓಡಿಸಿದಳು. ಗಾಜು ಕಪ್ಪಾಗುತ್ತದೆ, ತಿಳಿಯಾಗುತ್ತದೆ, ತೇಜಶ್ರೀಯ ದನಿ: “ರೂಪ ಇಲ್ಲ, ಮಂಜಮ್ಮ ಇಲ್ಲ.” ಚಿತ್ರ ನಿಲ್ಲಿಸಿ ನೋಡಿದರೆ ನಿಜವಾಗಿಯೂ ರೂಪ ಇಲ್ಲ, ಮಂಜಮ್ಮ ಇಲ್ಲ. ಮುಂದಿನದೂ ಸರಿ. ಅದರ ಮುಂದಿನದೂ.

“ನಲವತ್ತರಲ್ಲಿ ಮೂವತ್ತನಾಲ್ಕು ಸರಿ ಇದೆ ಸರ್. ನಿಮ್ಮ ತಂಡದಲ್ಲಿ ಇಷ್ಟು ಯಾರಿಗೂ ಬಂದಿಲ್ಲ. ಎಷ್ಟು ಜನ ಅಂತ ಹೇಳೋದಕ್ಕಿಂತ ಯಾರು ಅಂತ ಹೇಳೋದು ಕಷ್ಟ. ತಪ್ಪು ನನ್ನದೇ. ಹಾಳೆಯಲ್ಲಿ ನಾನು ಅಂಕಿಗೆ ಮಾತ್ರ ಜಾಗ ಬಿಟ್ಟಿದ್ದೆ.” ಆಮೇಲೆ ತೇಜಶ್ರೀಯ ಕಡೆ ತಿರುಗಿ, “ಐದು ಅಂತ ಹೇಳಿಬಿಡಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?” ಎಂದು ಕೇಳಿದಳು.

ತೇಜಶ್ರೀ ಕಾಲ್ಬೆರಳಿನಿಂದ ನೆಲ ಕೆರೆದಳು. “ನಮ್ಮನೇಲಿ ಉಸಿರಾಡೋದನ್ನ ಎಣಿಸಂಗಿಲ್ಲ ಅಕ್ಕ.”

ಯಾರಾದರೂ ನಗಬಹುದೆಂದು ಅವಳು ಕಾದಳು. ಪವಿತ್ರ ನಗಲಿಲ್ಲ. ಬರೆದುಕೊಂಡಳು. ಮೇಷ್ಟ್ರು ಮಾತ್ರ ಮೂಗು ಉಜ್ಜಿಕೊಳ್ಳುತ್ತಾ, “ಅಯ್ಯೋ ನಿನ್ನ, ಅದನ್ನ ಅವತ್ತೇ ಬಾಯ್ಬಿಟ್ಟು ಹೇಳಾಕೇನಾಗಿತ್ತೇ,” ಎಂದರು.

“ಇನ್ನೊಂದಿದೆ,” ಎಂದಳು ಪವಿತ್ರ. “ತಪ್ಪಿರೋ ಆರು. ಆರೂ ಎಡ ಮೂಲೆಯವೇ. ಅಲ್ಲಿ ನಿಂತ ಪಾಪಕ್ಕ ಆಗಾಗ ಸರಿದು ಹೋದರೂ ಇವಳಿಗೆ ಗೊತ್ತೇ ಆಗಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿದೀರಾ?”

“ಹೋದ ವರ್ಷ ಬಿದ್ದಾಗ್ಲೇ ತೋರಿಸಿದ್ವಿ. ಕಣ್ಣು ಚೆನ್ನಾಗೈತೆ ಅಂದ್ರು,” ಎಂದರು ಮೇಷ್ಟ್ರು.

ತೇಜಶ್ರೀಯ ಬಾಯಲ್ಲಿ ಹಳೆಯ ಮಣ್ಣಿನ ರುಚಿ ಬಂತು.

*

ಆ ಸಂಜೆ ಪವಿತ್ರ ಹಟ್ಟಿಗೆ ಬಂದಳು. ದಾರಿಯಲ್ಲೇ ಚಪ್ಪಲಿ ಬಿಡಬೇಕೆಂದು ತೇಜಶ್ರೀ ಹೇಳಿದಾಗ ಮರುಮಾತಿಲ್ಲದೆ ಬಿಟ್ಟು, ಮುಳ್ಳು ನೋಡಿಕೊಂಡು ಕುಂಟುತ್ತಾ ಬಂದಳು. ಸೂರಮ್ಮ ಅವಳ ಅಂಗಾಲು ನೋಡಿ, “ಪಟ್ನದ ಕಾಲು, ಪಾಪ,” ಎಂದು ನಕ್ಕು ನೀರು ಕೊಟ್ಟಳು.

ಎತ್ತುಗಳು ಬಂದವು. ಯರ್ರಪ್ಪ ಹಾಡಿದ. ಪವಿತ್ರ ಎತ್ತುಗಳನ್ನು ನೋಡದೆ ಮುದುಕನ ಕಣ್ಣುಗಳನ್ನೇ ನೋಡುತ್ತಿದ್ದಳು. ಪದ ಮುಗಿದ ಮೇಲೆ ಕೇಳಿದಳು: “ತಾತ, ನೀವು ಯಾವ ಎತ್ತನ್ನೂ ನೋಡ್ತಾನೇ ಇರಲಿಲ್ಲವಲ್ಲ? ಖಾಲಿ ಜಾಗ ನೋಡ್ತಿದ್ರಿ.”

“ಹೌದವ್ವ. ಕಣ್ಣ ಒಂದ್ರ ಮ್ಯಾಲೆ ಇಟ್ರೆ ಉಳಿದವು ಕದ್ದು ಹೋಗ್ತಾವೆ. ನಡುವೆ ಇಡಬೇಕು, ಹಾಸಿದ ಕಂಬಳಿ ಇದ್ದಂಗೆ. ಎಲ್ಲಾ ತಾವೇ ಬಂದು ಕುಂತ್ಕಂತಾವೆ.”

ಪವಿತ್ರ ತಲೆಯಾಡಿಸಿದಳು. ಒಳ್ಳೆಯ ಆಟಗಾರರ ಕಣ್ಣೂ ಹಾಗೆ ನಡುವೆ ನೆಲೆ ನಿಲ್ಲುವುದನ್ನು ಅವಳು ಕ್ಯಾಮೆರಾದಲ್ಲಿ ಕಂಡಿದ್ದಳು. ಅದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ತಿರುಗಿ ತೇಜಶ್ರೀಯನ್ನು ನೋಡಿದಳು. ಹುಡುಗಿ ಎಂದಿನಂತೆ ಎಡಗಂಬಕ್ಕೆ ಒರಗಿದ್ದಳು.

“ನೀನು ಯಾವಾಗಲೂ ಅಲ್ಲೇ ನಿಲ್ಲೋದಾ?”

“ಹೂಂ ಅಕ್ಕ. ಸಣ್ಣೋಳಿಂದ.”

ಪವಿತ್ರ ಬಂದು ಅವಳ ಪಕ್ಕದಲ್ಲಿ ನಿಂತು, ಅವಳಂತೆಯೇ ಬೆನ್ನು ಒರಗಿಸಿ ಎದುರು ನೋಡಿದಳು. ಎಡಕ್ಕೆ ಮುಳ್ಳುಬೇಲಿ, ಬೇಲಿಗೆ ತಾಗಿ ಆನೆಯಂಥ ಬಂಡೆ. ಆ ಕಡೆಯಿಂದ ಇಲಿಯೂ ಬರುವಂತಿರಲಿಲ್ಲ. ಬರುವುದೆಲ್ಲ ಎದುರಿನಿಂದ ಬಂದು ಬಲಕ್ಕೆ ಸಾಗಿ ಬಾಗಿಲು ಸೇರಬೇಕು. ಹನ್ನೊಂದು ವರ್ಷ ಪ್ರತಿ ಸಂಜೆ ಈ ಹುಡುಗಿಯ ಕಣ್ಣು ಕಲಿತದ್ದು ಇಷ್ಟು: ಎಡದಿಂದ ಏನೂ ಬರುವುದಿಲ್ಲ.

ಹೋದ ವರ್ಷ ಮೊಮ್ಮಗಳು ಎಡದವಳ ಕೈಗೇ ಸಿಕ್ಕಿಬಿದ್ದ ಕತೆ ಯರ್ರಪ್ಪನಿಗೆ ಗೊತ್ತಿತ್ತು; ಪವಿತ್ರ ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ಅವನು ಬಂಡೆಯನ್ನು ನೋಡಿದ, ಮೊಮ್ಮಗಳನ್ನು ನೋಡಿದ, ತನ್ನ ಕಂಬವನ್ನು ನೋಡಿದ. ಅವನ ಅಪ್ಪ ನಿಂತ ಕಂಬ, ಅಪ್ಪನ ಅಪ್ಪ ನಿಂತ ಕಂಬ. ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ.

“ನಾಳಿಂದ ಈ ಕಂಬಕ್ಕೆ ಬಾರವ್ವ ತೇಜಮ್ಮ. ನಾನು ಅಲ್ಲಿ ನಿಂತ್ಕಂತೀನಿ.”

“ನಿನ್ನ ಜಾಗ ತಾತ ಅದು!”

“ನನಗೆ ಪದ ಬರ್ತೈತೆ, ಎಲ್ಲಿ ನಿಂತ್ರೂ ಕರಿತೀನಿ. ಕಂಬಕ್ಕೇನು ಕಣ್ಣೈತಾ? ದೇವರು ಸಿಟ್ಟಾದ್ರೆ ನನ್ನ ಮ್ಯಾಲಾಗಲಿ.”

“ದೇವರು ಯಾಕೆ ಸಿಟ್ಟಾಗ್ತಾನೆ,” ಎಂದಳು ಸೂರಮ್ಮ, ಹಿಂದಿನಿಂದ. “ಅವನ ಎತ್ತುಗಳನ್ನೇ ಚೆನ್ನಾಗಿ ನೋಡ್ಕಳಾಕೆ ಕಲೀತಾಳೆ, ಅಷ್ಟೇ ತಾನೆ.”

*

ಬಲಗಂಬಕ್ಕೆ ನಿಂತ ಮೊದಲ ಸಂಜೆ ತೇಜಶ್ರೀಗೆ ಜಗತ್ತೇ ತಿರುವುಮುರುವಾಗಿತ್ತು. ಎತ್ತುಗಳೆಲ್ಲ ಎಡದಿಂದ ನುಗ್ಗಿದವು. ಹೆಸರುಗಳು ಒಂದಕ್ಕೊಂದು ತೊಡರಿದವು. ಅದರಲ್ಲೂ ಕಳ್ಳಗಿವಿ. ಕಿವಿ ಮಡಿಸಿಕೊಂಡು ಬೇರೆ ಎತ್ತುಗಳ ಮರೆಯಲ್ಲಿ ತೂರಿ ಬರುವ ಚಟದ ಹೋರಿ ಅದು. ಅವಳು “ಕಳ್ಳಗಿವಿ ಇಲ್ಲ ತಾತ” ಎನ್ನುವಷ್ಟರಲ್ಲಿ ಅದು ಒಳಗೆ ನಿಂತು ಮೆಲುಕು ಹಾಕುತ್ತಿತ್ತು. “ನಿನ್ನ ಎಡಗಡೇಲೇ ಹೋಯ್ತಲ್ಲವ್ವಾ!” ಎಂದು ತಾತ ಎಡಗಂಬದಿಂದ ನಗುತ್ತಿದ್ದ.

ಶಾಲೆಯಲ್ಲಿ ಕುರುಡು ಕನ್ನಡಕವೂ ನಡೆದಿತ್ತು. ಪವಿತ್ರ ಹಾಳೆಯಲ್ಲಿ ಹೊಸ ಕಾಲಂ ಎಳೆದಿದ್ದಳು: ‘ಯಾರು?’ ಕಪ್ಪಾದ ಕ್ಷಣದಲ್ಲಿ ಗಾಬರಿಯಾಗದೆ, ಕಂಡದ್ದನ್ನು ಒಳಗೆ ಹಿಡಿದಿಟ್ಟುಕೊಳ್ಳುವುದನ್ನು ತೇಜಶ್ರೀ ಕಲಿತದ್ದು ಆ ಕನ್ನಡಕದಿಂದಲೇ. ಕಣ್ಣನ್ನು ನಡುವಿನವಳ ಎದೆಯ ಮೇಲೆ ಇಟ್ಟು, ಕಂಬಳಿಯಂತೆ ಹಾಸಿ, ಎಡದವಳ ಹೆಸರನ್ನು ಮೊದಲು ಹೇಳಬೇಕೆಂದು ಪವಿತ್ರ ಹಟ ಹಿಡಿದಿದ್ದಳು. ಪಾಪಕ್ಕ ಬೇಕೆಂದೇ ಹಲ್ಲು ಕಿರಿದು ನಗಿಸುತ್ತಿದ್ದಳು.

ಮೂರನೆಯ ವಾರದ ಒಂದು ಸಂಜೆ ದೂಳಿನೊಳಗೆ ಮಡಿಸಿದ ಕಿವಿಯೊಂದು ಅವಳ ಎಡಗಣ್ಣಿನ ಅಂಚಿನಲ್ಲಿ ಸುಳಿಯಿತು. ಅವಳು ತಿರುಗಲಿಲ್ಲ. ಕತ್ತು ಅಲುಗಿಸದೆ, “ಬಂದೆಯಾ ಕಳ್ಳಗಿವೀ,” ಎಂದಳು.

ತಾತ ಹಾಡುವುದನ್ನು ನಿಲ್ಲಿಸಿಬಿಟ್ಟ. ಅವನು ನಡುವೆ ಹಾಗೆ ನಿಲ್ಲಿಸಿದ್ದನ್ನು ಹಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಮೇಷ್ಟ್ರು ಪಟ್ಟಿ ಕಿತ್ತು ಹೊಸದನ್ನು ಅಂಟಿಸಿದರು. ಅದರಲ್ಲಿ ಅಂಕ ಇರಲಿಲ್ಲ, ಹನ್ನೆರಡು ಹೆಸರಷ್ಟೇ. ಹನ್ನೆರಡನೆಯದು ತೇಜಶ್ರೀ. “ಕೂರೋ ಜಾಗ ಬೆಂಚು. ಇಳಿಸ್ತೀನಿ ಅಂತ ಮಾತು ಕೊಡಲ್ಲ,” ಎಂದರು.

“ಆಯ್ತು ಸಾ.”

*

ಚಳ್ಳಕೆರೆಯ ಮೈದಾನದಲ್ಲಿ ಮ್ಯಾಟ್ ಹಾಸಿದ್ದರು. ಮೂರನೆಯ ಪಂದ್ಯ ಹೊಸದುರ್ಗದವರ ಮೇಲೆ. ಗೆದ್ದವರು ವಿಭಾಗ ಮಟ್ಟಕ್ಕೆ. ಕೊನೆಯ ಐದು ನಿಮಿಷವಿದ್ದಾಗ ರೂಪ ಎರಡು ಸಲ ಸಿಕ್ಕಿಬಿದ್ದು ಏದುಸಿರು ಬಿಡುತ್ತಿದ್ದಳು. ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

“ಎಡಗಡೆ ನೋಡ್ಕಳೇ, ಆ ಉದ್ದನೇಳು ಹಾವಿದ್ದಂಗೆ,” ಎಂದಳು ರೂಪ, ಹೊರಗೆ ಬರುತ್ತಾ.

“ನೋಡಂಗಿಲ್ಲ ಕಣೇ. ಅದೇ ಮದ್ದು.”

ಆದರೆ ಮೊದಲ ರೇಡಿನಲ್ಲಿ ಅವಳು ಬರಿಗೈಯಲ್ಲಿ ವಾಪಸಾದಳು. ಉದ್ದನೆಯವಳ ಬೆರಳು ಅವಳ ಹಿಮ್ಮಡಿ ತಾಗಿ ತಪ್ಪಿತ್ತು. ಏನು ತಪ್ಪಿತು? ಕಣ್ಣು ನಡುವೆಯೇ ಇತ್ತಲ್ಲ? ತನ್ನ ಅಂಗಳದಲ್ಲಿ ಪಾಪಕ್ಕನ ಕೈ ಹಿಡಿದು ನಿಂತಾಗ ಹೊಳೆಯಿತು. ಇವರು ಯಾರೋ. ಹೆಸರು ಗೊತ್ತಿಲ್ಲ. ಹೆಸರಿಲ್ಲದ್ದು ಬಂದರೂ ಹೋದರೂ ತನಗೆ ತಿಳಿಯುವುದಿಲ್ಲ.

ಅಲ್ಲಿಯೇ ನಿಂತು, ತಾತನ ಪದವನ್ನು ತುಟಿಯೊಳಗೆ ಅಂದುಕೊಳ್ಳುತ್ತಾ, ಎದುರಿನವರಿಗೆ ಒಂದೊಂದು ಹೆಸರಿಟ್ಟಳು. ರಿಬ್ಬನ್ ಕಟ್ಟಿದವಳು ಬೆಳ್ಳಿಗೋಡ. ಮೊಣಕಾಲಿಗೆ ಪಟ್ಟಿ ಹಾಕಿದವಳು ಮುತ್ತಿನಗೊರಸು. ನಡುವೆ ನಿಂತ ದುಂಡನೆಯವಳು ಮಲ್ಲಿಗೆಕಣ್ಣ. ಎಡ ಮೂಲೆಯ ಉದ್ದನೆಯವಳಿಗೆ ಬೇರೆ ಹೆಸರು ಇರಲು ಸಾಧ್ಯವೇ ಇರಲಿಲ್ಲ.

ಇಪ್ಪತ್ತೆಂಟಕ್ಕೆ ಇಪ್ಪತ್ತೇಳು. ಒಂದು ಹಿಂದೆ. ಕೊನೆಯ ರೇಡ್.

ತೇಜಶ್ರೀ ಮ್ಯಾಟ್ ಮುಟ್ಟಿ ಹಣೆಗೊತ್ತಿಕೊಂಡು ಗೆರೆ ದಾಟಿದಳು. ಕಬಡ್ಡಿ ಕಬಡ್ಡಿ ಎನ್ನುವ ಉಸಿರು ತಾತನ ಉಸಿರಿನಂತೆ ಉದ್ದವಾಗಿ ಎಳೆಯಿತು. ಕಣ್ಣು ಮಲ್ಲಿಗೆಕಣ್ಣನ ಎದೆಯ ಮೇಲೆ. ಬೆಳ್ಳಿಗೋಡ ಇದ್ದಾನೆ. ಮುತ್ತಿನಗೊರಸು ಇದ್ದಾನೆ, ಒಂದು ಹೆಜ್ಜೆ ಮುಂದೆ. ಅವಳು ಬಲಗೈ ಚಾಚಿ ಮೊಣಕಾಲು ಪಟ್ಟಿಯವಳ ಭುಜ ಮುಟ್ಟಿದಳು. ಒಂದು. ಎಲ್ಲರೂ ಬಲಕ್ಕೆ ನುಗ್ಗಿದರು. ಕಳ್ಳಗಿವಿ ಇಲ್ಲ.

ಕಳ್ಳಗಿವಿ ತನ್ನ ಜಾಗದಲ್ಲಿ ಇಲ್ಲ!

ಕತ್ತು ತಿರುಗಿಸದೆ ಅವಳು ಎಡಗಾಲನ್ನು ಎತ್ತಿದಳು. ಎಲ್ಲಿ ಒಂದು ಕ್ಷಣದ ಹಿಂದೆ ಅವಳ ಹಿಮ್ಮಡಿ ಇತ್ತೋ ಅಲ್ಲಿ ಎರಡು ಕೈಗಳು ಬರಿಗಾಳಿಯನ್ನು ಹಿಡಿದವು. ಇಳಿದ ಪಾದ ಉದ್ದನೆಯವಳ ಬೆನ್ನು ಸವರಿತು. ತೇಜಶ್ರೀ ಹಿಮ್ಮುಖವಾಗಿಯೇ ಹಾರಿ ಮಧ್ಯರೇಖೆಯ ಮೇಲೆ ಬಿದ್ದಳು. ಬಾಯಿಗೆ ಮ್ಯಾಟಿನ ರಬ್ಬರಿನ ರುಚಿ ತಾಗಿತು, ಮಣ್ಣಿನದಲ್ಲ.

ಸೀಟಿ. ಎರಡು ಪಾಯಿಂಟ್. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೆಂಟು.

ಮೇಲೆ ಬಿದ್ದು ಮೊದಲು ತಬ್ಬಿಕೊಂಡವಳು ರೂಪ. “ನೋಡದೇ ಹೆಂಗೆ ಕಂಡೆಯೇ, ಮಾಟಗಾತಿ!”

ಎದುರು ತಂಡದ ಉದ್ದನೆಯವಳು ಕೈಕುಲುಕಲು ಬಂದಾಗ ತೇಜಶ್ರೀ ಕೇಳಿದಳು: “ಅಕ್ಕ, ನಿನ್ನ ಹೆಸರೇನು?”

“ಯಾಕೆ?”

“ನಾನೊಂದು ಇಟ್ಟಿದ್ದೆ. ನಿಜವಾದ್ದು ಗೊತ್ತಿರಲಿ ಅಂತ.”

ಬೆಂಚಿನ ಹಿಂದೆ ಪವಿತ್ರ ಟಿಪ್ಪಣಿ ಬರೆಯುವುದನ್ನೇ ಮರೆತು ನಿಂತಿದ್ದಳು. ಮೇಷ್ಟ್ರು ಅವಳ ಬಳಿ ಬಂದು, “ನಿಮ್ಮ ಕನ್ನಡಕ ಗೆಲ್ತು ಮೇಡಂ,” ಎಂದರು.

“ಹಾಗೆ ಹೇಳಕ್ಕಾಗಲ್ಲ ಸರ್. ಕನ್ನಡಕಾನೋ, ಕಂಬಾನೋ, ಅವಳ ಹಟಾನೋ. ಒಬ್ಬಳಿಂದ ಏನೂ ಸಾಬೀತಾಗಲ್ಲ. ಇನ್ನೂ ಎಷ್ಟೋ ಮಕ್ಕಳನ್ನ ನೋಡಬೇಕು.”

“ಸಾಬೀತು ಆಮ್ಯಾಲೆ ಮಾಡ್ರಿ. ಈಗ ಎಲ್ರಿಗೂ ಕಬ್ಬಿನಹಾಲು ಕುಡಿಸ್ತೀನಿ, ಬರ್ರಿ.”

ಊರಿಗೆ ಹೊರಡುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಕಾವಲಿನಲ್ಲಿ ಎತ್ತುಗಳು ರೊಪ್ಪದ ಕಡೆ ತಿರುಗುವ ವೇಳೆ. ಟೆಂಪೋದ ಡ್ರೈವರ್ ಹೊನ್ನೂರಸ್ವಾಮಿ ಕಿಟಕಿಯಿಂದ ತಲೆ ಹಾಕಿ, “ಎಲ್ಲಾ ಹತ್ತಿದ್ರಾ ಸಾರ್? ಎಷ್ಟು ಜನ ನೋಡ್ರಿ,” ಎಂದ.

ಮಾರುತೇಶ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಬೆರಳು ಚಾಚಿದರು. “ಒಂದು, ಎರ…” ಎಂದವರು ತಡೆದರು. ಚಾಚಿದ ಬೆರಳನ್ನು ತಾವೇ ಮಡಿಸಿಕೊಂಡರು.

“ತೇಜಶ್ರೀ, ಯಾರಿಲ್ಲ?”

ಮುಂದಿನ ಸೀಟಿನಲ್ಲಿದ್ದ ಹುಡುಗಿ ಎದ್ದು ಹಿಂದಿರುಗಿ ಟೆಂಪೋದ ನಡುವಿನ ದಾರಿಯ ಮೇಲೆ ಕಣ್ಣು ಹಾಸಿದಳು.

“ಕ್ಯಾತಮ್ಮ ಇಲ್ಲ ಸಾ. ಬಾಟ್ಲಿಗೆ ನೀರು ತುಂಬಾಕೆ ಹೋಗ್ಯಾಳೆ.” ಆಮೇಲೆ ಕತ್ತು ತಿರುಗಿಸದೆ, “ಅಗಾ, ಎಡಗಡೆಯಿಂದ ಓಡಿ ಬರ್ತಾವ್ಳೆ,” ಎಂದಳು.